ಕೂಲಿಮಠದಲ್ಲಿ ಓದಿಸಿದ ಕಾಗದಗಳು

ಅಕ್ಷರ ಬಲ್ಲವರು ಏನನ್ನಾದರೂ ಓದಬಲ್ಲರು ಎಂದು ನಮ್ಮ ಶಾಲೆಗಳು ನಂಬಿಕೊಂಡು ಬಂದಿವೆ. ಕನ್ನಡ ಪಾಠವನ್ನು ಸರಾಗವಾಗಿ ಓದುವ ಹುಡುಗಿ ವಿಜ್ಞಾನದ ಪ್ರಯೋಗ ವಿವರಣೆಯಲ್ಲೋ ಇತಿಹಾಸದ ಶಾಸನಪಾಠದಲ್ಲೋ ಎಡವಿದರೆ, ಅವಳಿಗೆ ಗಮನ ಸಾಲದು ಎಂದುಬಿಡುತ್ತೇವೆ. ಪ್ರತಿ ವಿಷಯಕ್ಕೂ ಅದರದೇ ಓದುಬರಹವಿದೆ, ಅದನ್ನು ಆ ವಿಷಯದ ತರಗತಿಯಲ್ಲೇ ಕಲಿಸಬೇಕು ಎಂಬ ಮಾತು ಈಚೆಗೆ ಹೊರಗಿನಿಂದ ಬಂದದ್ದೆಂಬಂತೆ ಕೇಳಿಸುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯ ಕೂಲಿಮಠಗಳು, ಅಂದರೆ ಊರ ಗುರುಗಳು ನಡೆಸುತ್ತಿದ್ದ ಹಳೆಯ ಬಗೆಯ ಶಾಲೆಗಳು, ಇದನ್ನು, ಒಂದು ಸೀಮೆಯೊಳಗೆ, ಮಾಡಿ ತೋರಿಸಿದ್ದವು.

ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ನಾಡಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಕನ್ನಡದವು 235, ತೆಲುಗಿನವು 226. ಅಂಕಿಗಳಿಗಿಂತ ಅವನು ಕೊಟ್ಟ ಪಾಠಕ್ರಮದ ವಿವರ ಅಮೂಲ್ಯವಾದದ್ದು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿಂದ ತಿದ್ದುತ್ತಿದ್ದರು, ಆಮೇಲೆ ಹಲಗೆಯ ಮೇಲೋ ಕಡತದ ಮೇಲೋ ಬರೆಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲು, ಅಂಟು ಸವರಿದ ಪುಸ್ತಕ. ಇಂದಿನ ಕಚೇರಿಗಳಲ್ಲಿ ಫೈಲಿಗೆ ಉಳಿದಿರುವ ಹೆಸರು ಇದೇ. ಬಳಪದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದಿತ್ತು. ಲೆಕ್ಕದಲ್ಲಿ ಹೆಚ್ಚು ಶ್ರಮ ಸಲ್ಲುತ್ತಿದ್ದದ್ದು ಭಿನ್ನರಾಶಿಗಳಿಗೆ, ಅವು ಹತ್ತರಿಂದಲ್ಲ, ನಾಲ್ಕರಿಂದ ಇಳಿಯುತ್ತಿದ್ದವು: ಕಾಲು, ಅದರ ಕಾಲು ವೀಸ, ಅದರ ಕಾಲು ಕಾಣಿ. ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಇವನ್ನೂ ಮಗ್ಗಿಯನ್ನೂ ಒಪ್ಪಿಸಬೇಕಿತ್ತು. ನನ್ನ ವಾದಕ್ಕೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಗುರುಗಳು ಅಲ್ಲಿ ಇಲ್ಲಿ ಕೂಡಿಟ್ಟ ಸರ್ಕಾರಿ ಕಾಗದಗಳನ್ನೂ ಖಾಸಗಿ ಪತ್ರಗಳನ್ನೂ ಮಕ್ಕಳ ಕೈಗೆ ಕೊಟ್ಟು, ಬಗೆಬಗೆಯ ಕೈಬರಹ ಓದಿಸುತ್ತಿದ್ದರು. ಪತ್ರ ಬರೆಸುತ್ತಿದ್ದರು, ಕರಾರುಪತ್ರಗಳ ಒಕ್ಕಣೆ ಕಲಿಸುತ್ತಿದ್ದರು. ವ್ಯವಹಾರದ ಓದು ವ್ಯವಹಾರದ ಕಾಗದದಿಂದಲೇ ಬರಬೇಕೆಂಬುದು ಆ ಗುರುಗಳಿಗೆ ಗೊತ್ತಿತ್ತು.

ಇದೇ ಕ್ಯಾಂಬೆಲ್ ಈ ಶಾಲೆಗಳ ಕಟು ಟೀಕಾಕಾರನೂ ಹೌದಲ್ಲ ಎಂದು ಕೇಳಬಹುದು. ಹೌದು. ಅಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿನಿಂದ ದೂರ, ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆ ಎಂದು ಅವನು ದೂರಿದ್ದಾನೆ. ಆದರೆ ಆ ಟೀಕೆ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಅದೇ ಮಗು, ಅದೇ ಗುರು, ಅದೇ ಜಗಲಿ. ಕರಾರುಪತ್ರವನ್ನು ಕರಾರುಪತ್ರವಾಗಿ ಓದಿಸಿದರು: ಯಾರು, ಯಾರಿಗೆ, ಎಷ್ಟಕ್ಕೆ ಎಂದು ಹುಡುಕದೆ ಅದರ ಒಕ್ಕಣೆಯನ್ನು ಮತ್ತೆ ಬರೆಯಲಾಗದು. ಕಾವ್ಯವನ್ನು ಮಾತ್ರ ಕಾವ್ಯವಾಗಿ ಓದಿಸಲಿಲ್ಲ. ಕ್ಯಾಂಬೆಲ್ ಹೇಳುವಂತೆ ಅದರ ಮುಖ್ಯ ಉದ್ದೇಶ ಉಚ್ಚಾರ ಸ್ವಚ್ಛವಾಗುವುದು, ಓದು ತಡವರಿಸದಿರುವುದು. ಉಚ್ಚಾರಕ್ಕೆಂದು ಕಲಿಸಿದರು, ಉಚ್ಚಾರವೇ ಬಂತು.

ಎರಡನೆಯ ಆಕ್ಷೇಪ ಹೆಚ್ಚು ಭಾರದ್ದು. ಈ ಕಲಿಕೆ ಎಷ್ಟು ಜನಕ್ಕೆ ಸಿಕ್ಕಿತು? ಒಂಬತ್ತು ಲಕ್ಷ ದಾಟಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಆರೂವರೆ ಸಾವಿರ ಮಕ್ಕಳು. ಅವರಲ್ಲಿ ಹುಡುಗಿಯರು 60. ಕರಾರುಪತ್ರ ಓದಬಲ್ಲವರು ಕೆಲವರೇ, ಅದಕ್ಕೆ ಕಟ್ಟುಬೀಳುವವರು ಎಲ್ಲರೂ. ಈ ಅನ್ಯಾಯವನ್ನು ಮರೆಸಿ ಕೂಲಿಮಠವನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ಬಂದ ಸಾರ್ವಜನಿಕ ಶಾಲೆ ಬಾಗಿಲನ್ನು ಅಗಲಿಸಿತು, ಅದು ದೊಡ್ಡ ಕೆಲಸ. ಆದರೆ ಅಲ್ಲಿಗೆ ಬಂದ ಮಕ್ಕಳ ಕೈಗೆ ಸಿಕ್ಕಿದ್ದು ಒಂದೇ ಅಚ್ಚಿನ, ಪಾಠಕ್ಕೆಂದೇ ಬರೆದ ಪಠ್ಯಪುಸ್ತಕ. ಗುರುಗಳು ಕೂಡಿಟ್ಟಿದ್ದ ಕಾಗದಗಳ ಗಂಟು ಹೊರಗೇ ಉಳಿಯಿತು. ಓದಲು ಬಾರದೆ ಮೋಸಹೋದವರ ಮೊಮ್ಮಕ್ಕಳು ಇಂದು ತರಗತಿಯಲ್ಲಿದ್ದಾರೆ. ಹೊಲದ ಪಹಣಿ, ಮಳೆಯ ನಕ್ಷೆ, ಊರ ಗುಡಿಯ ಶಾಸನದ ಅಚ್ಚು, ಇವು ಅವರ ಸಮಾಜ, ವಿಜ್ಞಾನ, ಇತಿಹಾಸದ ಪಾಠಗಳೊಳಗೇ ಮೇಜಿನ ಮೇಲೆ ಬರಬೇಕು.