ಚೆಂಡಾಟದ ನೌಕರಿ

ಬೆಂಗಳೂರಿನಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೃಷ್ಣರಾಜಪುರದ ಕಡೆಗೆ ಹೊರಟರೆ ದೂರವಾಣಿ ನಗರ ಸಿಗುತ್ತದೆ. 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಯಿಂದ ಬಂದ ಹೆಸರು ಅದು. ಒಂದು ಕಾಲದಲ್ಲಿ ಅನುಕೂಲಸ್ಥ ನೆಂಟರ ಮನೆಯಲ್ಲಿ ಕ್ರೋಷಾ ಹಾಸಿನ ಮೇಲೆ ದೇವರ ಹಾಗೆ ಕುಳಿತಿರುತ್ತಿದ್ದ ಕಪ್ಪು ಫೋನು ನೆನಪಿದೆಯಲ್ಲ, ಅದನ್ನು ತಯಾರಿಸಿದವರು ಇವರು. ಫೋನಿನ ಜೊತೆಗೆ ಈ ಕಾರ್ಖಾನೆ ಫುಟ್‌ಬಾಲ್ ತಂಡವನ್ನೂ ಸಾಕಿತು ಎಂದರೆ ನನ್ನ ತರಗತಿಯ ಮಕ್ಕಳು ನಂಬುವುದಿಲ್ಲ. ಫೋನು ಎಂದರೆ ಅವರಿಗೆ ಬೇರೆ, ಫುಟ್‌ಬಾಲ್ ಎಂದರೆ ಟಿ.ವಿ.ಯಲ್ಲಿ ಕಾಣುವ ವಿದೇಶಿಯರ ಆಟ.

1977ರಲ್ಲಿ ದೇಶದ ಮೊಟ್ಟಮೊದಲ ಫೆಡರೇಷನ್ ಕಪ್ ಎರ್ನಾಕುಲಂನಲ್ಲಿ ನಡೆಯಿತು. ಫೈನಲಿನಲ್ಲಿ ನಮ್ಮ ಐ.ಟಿ.ಐ. ತಂಡ ಕಲ್ಕತ್ತೆಯ ಮೋಹನ್ ಬಗಾನನ್ನು ಒಂದು ಗೋಲಿನಿಂದ ಸೋಲಿಸಿ ಕಪ್ಪು ತಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇದೇ ಮೋಹನ್ ಬಗಾನ್, ಪೆಲೆ ಆಡುತ್ತಿದ್ದ ಅಮೆರಿಕದ ಕಾಸ್ಮಾಸ್ ತಂಡದ ಜೊತೆ 2–2 ಸಮ ಮಾಡಿಕೊಂಡಿತು. ಗಣಿತದ ಮೇಷ್ಟ್ರಾದರೆ ಇದರಿಂದ ದೂರವಾಣಿ ನಗರದವರು ಪೆಲೆಗಿಂತ ಮೇಲು ಎಂದು ಸಾಧಿಸಿಬಿಟ್ಟಾರು. ನಾನು ಸಮಾಜ ಹೇಳಿಕೊಡುವವಳು, ಅಷ್ಟು ಧೈರ್ಯವಿಲ್ಲ. ನನಗೆ ಕುತೂಹಲವಿರುವುದು ಸಂಬಳದ ವಿಷಯದಲ್ಲಿ. ಪೆಲೆಗೆ ಆಟವೇ ಕಸುಬು. ನಮ್ಮ ಹುಡುಗರು ಕಾರ್ಖಾನೆಯ ನೌಕರರು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ, ಟೂರ್ನಮೆಂಟು ಬಂದರೆ ರಜೆ. ಕಾಲು ಸೋತ ಮೇಲೂ ಕುರ್ಚಿ ಇರುತ್ತಿತ್ತು, ನಿವೃತ್ತಿಯವರೆಗೆ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಎಚ್.ಎ.ಎಲ್.ನಲ್ಲೂ ಇದೇ ಕ್ರಮ. ಅಂಥ ಹುಡುಗನಿಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಅವನು ಸೆಂಟರ್ ಫಾರ್ವರ್ಡೋ ಗೋಲ್‌ಕೀಪರೋ ಬೀಗರಿಗೆ ಬೇಕಿರಲಿಲ್ಲ, ‘ಪರ್ಮನೆಂಟಾ?’ ಅನ್ನುವುದೊಂದೇ ಬೇಕಿತ್ತು.

ಈ ಲೆಕ್ಕ ಬದಲಾದ ಕಾಲದಲ್ಲಿ ಬೆಳೆದವರು ಕಾರ್ಲ್ಟನ್ ಚಾಪ್‌ಮನ್. ಬೆಂಗಳೂರಿನಲ್ಲಿ 1971ರ ಏಪ್ರಿಲಿನಲ್ಲಿ ಹುಟ್ಟಿದವರು, ಹೆಚ್ಚುಕಡಿಮೆ ನನ್ನ ಓರಗೆಯವರು. ನಾವು ಪದವಿಗೆ ಓದುತ್ತಿದ್ದ ವಯಸ್ಸಿನಲ್ಲಿ ಅವರು ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಅವರನ್ನು ತೆಗೆದುಕೊಂಡಿತು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿದಾಗ, ಆರರಲ್ಲಿ ಮೂರು ಗೋಲು ಇಪ್ಪತ್ತೆರಡರ ಈ ಹುಡುಗನವು.

ವಿಶೇಷವೆಂದರೆ ಗೋಲು ಹೊಡೆಯುವುದು ಅವರ ಕೆಲಸವೇ ಅಲ್ಲ. ಅವರು ಮಿಡ್‌ಫೀಲ್ಡರ್, ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ಒದಗಿಸುವವರು. ಮದುವೆಮನೆಯಲ್ಲಿ ಅಡಿಗೆಮನೆಗೂ ಪಂಕ್ತಿಗೂ ನಡುವೆ ಪಾತ್ರೆ ಹಿಡಿದು ಓಡಾಡುವವರು ಇರುತ್ತಾರಲ್ಲ, ಹಾಗೆ. ಹೋಳಿಗೆ ಬಡಿಸಿದವನ ಮುಖ ಎಲ್ಲರಿಗೂ ನೆನಪಿರುತ್ತದೆ, ಒಳಗಿನಿಂದ ತಂದುಕೊಟ್ಟವಳದು ಇರುವುದಿಲ್ಲ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಹೆಸರು ಕೇಳದವರು ಕಡಿಮೆ. ಅವರ ಜೊತೆಯಲ್ಲಿ ಪಂಜಾಬಿನ ಜೆ.ಸಿ.ಟಿ. ತಂಡಕ್ಕೆ ಆಡಿದ ಚಾಪ್‌ಮನ್ ಅವರನ್ನು ನಮ್ಮೂರಿನವರೇ ಕೇಳಿಲ್ಲ. 1996–97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು ಈ ಜೆ.ಸಿ.ಟಿ. ಅದೂ ಫಗ್ವಾರದ ಒಂದು ಬಟ್ಟೆ ಗಿರಣಿಯ ತಂಡ!

ಅಲ್ಲಿಂದ ಮುಂದೆ ಅವರದು ಊರೂರು ಅಲೆದ ಜೀವನ. 1997ರಲ್ಲಿ ಪೂರ್ತಿ ವೃತ್ತಿಪರ ಕ್ಲಬ್ಬು ಎಂದು ಹೆಸರು ಮಾಡಿ ಹುಟ್ಟಿದ ಎಫ್.ಸಿ. ಕೊಚ್ಚಿನ್ ಸೇರಿದರು. ಆ ಕ್ಲಬ್ಬು ಕೆಲವೇ ವರ್ಷಗಳಲ್ಲಿ ಹಣದ ಮುಗ್ಗಟ್ಟಿನಿಂದ ಮುಚ್ಚಿಹೋಯಿತು. ಅಷ್ಟರಲ್ಲಿ ಇವರು ಮತ್ತೆ ಈಸ್ಟ್ ಬೆಂಗಾಲಿಗೆ ಬಂದಿದ್ದರು. 2000–01ರಲ್ಲಿ ಇವರ ನಾಯಕತ್ವದಲ್ಲಿ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. ನಡುವೆ ದೇಶಕ್ಕೂ ಆಡಿದರು, ನಾಯಕರೂ ಆಗಿದ್ದರು. ಲೀಗ್ ಗೆದ್ದ 2001ರಲ್ಲೇ ಆಟ ಬಿಟ್ಟರು. ಆಗ ಅವರಿಗೆ ಮೂವತ್ತು.

ಮೂವತ್ತು! ಕಾರ್ಖಾನೆಯ ಲೆಕ್ಕದಲ್ಲಿ ಅದು ಕನ್ಫರ್ಮ್ ಆಗಿ ಕ್ವಾರ್ಟರ್ಸಿಗೆ ಅರ್ಜಿ ಹಾಕುವ ವಯಸ್ಸು. ಕಂಪನಿ ಟೀಮಿನ ಆಟಗಾರ ಅವತ್ತು ಬೂಟು ಬಿಚ್ಚಿಟ್ಟು ಮಾರನೆಯ ದಿನ ತನ್ನ ಸೆಕ್ಷನ್ನಿಗೆ ಹೋಗಿ ಕುಳಿತುಕೊಳ್ಳುತ್ತಿದ್ದ. ವೃತ್ತಿಪರನಿಗೆ ಹಾಗೆ ಹೋಗಿ ಕೂರಲು ಜಾಗವಿಲ್ಲ. ಚಾಪ್‌ಮನ್ ಕೋಚ್ ಆದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿ, ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡದಲ್ಲಿ, ಕೋಳಿಕ್ಕೋಡಿನಲ್ಲಿ ಹುಡುಗರಿಗೆ ಆಟ ಹೇಳಿಕೊಟ್ಟರು. ಅಂದರೆ ಮತ್ತೆ ಒಪ್ಪಂದ, ಮತ್ತೆ ಪೆಟ್ಟಿಗೆ ಕಟ್ಟುವುದು.

ಇತ್ತ ಊರಿನ ತಂಡಗಳೂ ಕರಗುತ್ತಿದ್ದವು. ಜೆ.ಸಿ.ಟಿ. 2011ರಲ್ಲಿ ತಂಡವನ್ನು ಮುಚ್ಚಿತು. ನಮ್ಮ ಎಚ್.ಎ.ಎಲ್. 2012ರವರೆಗೆ ಐ-ಲೀಗಿನಲ್ಲಿತ್ತು, ಆಮೇಲೆ ಇರಲಿಲ್ಲ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿ ಮೊದಲ ವರ್ಷವೇ ಲೀಗ್ ಗೆದ್ದಿತು. ಒಳ್ಳೆಯ ಆಟ, ಒಳ್ಳೆಯ ದುಡ್ಡು, ನೀಲಿ ಅಂಗಿಯ ಅಭಿಮಾನಿಗಳು. ನನಗೂ ಹೆಮ್ಮೆಯೇ. ಆದರೆ ಅದರಲ್ಲಿ ಪರ್ಮನೆಂಟ್ ಎಂಬ ಮಾತಿಲ್ಲ.

ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಚೆನ್ನಾಗಿ ಆಡುತ್ತಿದ್ದ. ಅವನ ತಾಯಿ ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಹೌಸ್‌ಕೀಪಿಂಗ್ ಕೆಲಸದವರು. ಕ್ರೀಡಾ ಹಾಸ್ಟೆಲಿನ ಅರ್ಜಿ ಹಿಡಿದು ಬಂದರು. “ಮೇಡಂ, ನಮ್ಮ ಮಾವ ಅಂತಾರೆ, ಆಗಿನ ಕಾಲದಲ್ಲಿ ಬಾಲ್ ಆಡಿದ್ರೆ ಐ.ಟಿ.ಐ.ನಲ್ಲಿ ಕೆಲಸ ಕೊಡ್ತಿದ್ರಂತೆ. ಈಗ ಏನು ಕೊಡ್ತಾರೆ?” ಎಂದರು. ಈಗ ಒಪ್ಪಂದದ ಮೇಲೆ ತೆಗೆದುಕೊಳ್ಳುತ್ತಾರೆ, ಕಾಲಿಗೆ ಪೆಟ್ಟಾದರೆ ಕಷ್ಟ, ಮೂವತ್ತು–ಮೂವತ್ತೈದಕ್ಕೆ ಮುಗಿಯುತ್ತದೆ ಎಂದು ಇದ್ದದ್ದನ್ನು ಹೇಳಿದೆ. ಚಾಪ್‌ಮನ್ ಅವರ ವಿಷಯವನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂದೂ ಕಂಟ್ರ್ಯಾಕ್ಟೇ ಅಲ್ವಾ ಮೇಡಂ, ಹನ್ನೊಂದು ತಿಂಗಳು ಹನ್ನೊಂದು ತಿಂಗಳಿಗೆ ಬರೆಸ್ಕೋತಾರೆ. ಅವನಿಗಾದರೆ ಇಷ್ಟವಾದ ಕೆಲಸ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಎಸ್.ಎಸ್.ಎಲ್.ಸಿ. ಮಾತ್ರ ಬಿಡಿಸಬೇಡಿ ಎಂದೆ.

ಚಾಪ್‌ಮನ್ 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಲವತ್ತೊಂಬತ್ತು ವಯಸ್ಸು. ಕೊರೋನಾ ಸುದ್ದಿಯೇ ತುಂಬಿದ್ದ ದಿನಗಳು, ನಮ್ಮ ಸ್ಟಾಫ್ ರೂಮೂ ಬೀಗ ಹಾಕಿತ್ತು. ದೈಹಿಕ ಶಿಕ್ಷಣದ ಮೇಷ್ಟ್ರು ಫೋನು ಮಾಡಿ ತಿಳಿಸಿದರು. ಆ ಹುಡುಗ ಹಾಸ್ಟೆಲು ಸೇರಿದ್ದಾನೆ. ಅವನೂ ಮಿಡ್‌ಫೀಲ್ಡಿನಲ್ಲೇ ಆಡುತ್ತಾನಂತೆ.