ಜೋಳ, ಜೋಳವಾಳಿ, ಕಾಫಿರಿನ್

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಎರೆಸೀಮೆಯ ಬಾಯಲ್ಲಿ ಜೋಳ ‘ಜ್ವಾಳ’ ಆಗುತ್ತದೆ, ತೋಟ ‘ತ್ವಾಟ’ ಆದ ಹಾಗೆ. ಉಚ್ಚಾರ ಹೇಗೇ ಹೊರಳಲಿ, ಇದು ದ್ರಾವಿಡ ಬಳಗದ ಹಳೆಯ ಪದ. ತಮಿಳು, ಮಲಯಾಳಗಳಲ್ಲಿ ಚೋಳಂ, ತುಳುವಿನಲ್ಲಿ ಜೋಳ, ತೆಲುಗಿನಲ್ಲಿ ಜೊನ್ನ. ಕಾಳಿನ ತವರು ಮಾತ್ರ ಆಫ್ರಿಕಾ. ಅಲ್ಲಿಂದ ಬಂದ ಬೆಳೆ ಇಲ್ಲಿನ ಕರಿಮಣ್ಣಿನ ಹಸಿಯನ್ನೇ ನಂಬಿ ಹಿಂಗಾರಿಯಲ್ಲಿ ಬೆಳೆಯುವುದನ್ನು ಕಲಿತು ನಮ್ಮದೇ ಆಯಿತು.

ಹಳಗನ್ನಡದಲ್ಲಿ ಈ ಪದ ಹೊಲದಿಂದ ರಣರಂಗಕ್ಕೆ ನಡೆಯಿತು. ಒಡೆಯನ ಜೋಳ ಉಂಡವನು ಆ ಋಣಕ್ಕಾಗಿ ಪ್ರಾಣವನ್ನೂ ಕೊಡಬೇಕೆಂಬ ಕಟ್ಟಳೆಗೆ ‘ಜೋಳದ ಪಾಳಿ’ ಎಂದು ಹೆಸರು. ಸಮಾಸದಲ್ಲಿ ಪಕಾರ ವಕಾರವಾಗಿ ‘ಜೋಳವಾಳಿ’ ಆಯಿತು. ಉಣ್ಣುವುದಕ್ಕೆ ಅಕ್ಕಿ, ಗೋದಿ ಇದ್ದರೂ ಕನ್ನಡಿಗರು ಋಣಕ್ಕೆ ಹೆಸರಿಟ್ಟದ್ದು ಜೋಳದಿಂದ. ಕೃಷ್ಣೆ, ಮಲಪ್ರಭೆ ಕೂಡುವ ಹುನಗುಂದ ತಾಲ್ಲೂಕಿನ ಕೂಡಲಸಂಗಮದ ದೇವರನ್ನು ಅಂಕಿತವಾಗಿಸಿಕೊಂಡ ಬಸವಣ್ಣನವರು 12ನೆಯ ಶತಮಾನದಲ್ಲಿ ಒಂದು ವಚನದಲ್ಲಿ ಈ ಪದವನ್ನು ಎತ್ತಿಕೊಂಡು, ತಮ್ಮ ನಿಷ್ಠೆ ಜೋಳವಾಳಿಯದಲ್ಲ, ವೇಳೆವಾಳಿಯದು ಎನ್ನುತ್ತಾರೆ. ಅನ್ನದ ಋಣಕ್ಕೆ ದುಡಿಯುವ ಆಳಿಗಿಂತ ಹೊತ್ತು ಬಂದಾಗ ಜೀವ ಒಪ್ಪಿಸುವವನು ಮೇಲು ಎಂಬ ಭಾವ ಅದು. ವಚನವನ್ನು ಕೇಳಿದವರಿಗೆ ಜೋಳವಾಳಿ ದಿನಬಳಕೆಯ ಮಾತಾಗಿದ್ದರಿಂದಲೇ ಆ ಹೋಲಿಕೆಗೆ ಬಲ ಬಂತು.

ಅಮೆರಿಕ ಖಂಡದ ಬೆಳೆಯೊಂದು 1500ರ ಬಳಿಕ ಇತ್ತ ಬಂದಾಗ ಜೋಳ ತನ್ನ ಹೆಸರನ್ನು ಅದಕ್ಕೂ ಹಂಚಿತು. ತೆಂಕಣದಲ್ಲಿ ಮುಸುಕಿನ ಜೋಳ, ಬಡಗಣದಲ್ಲಿ ಗೋವಿನ ಜೋಳ, ಆಡುಮಾತಿನಲ್ಲಿ ಗೊಂಜಾಳ. ಇಂದು ಬೆಂಗಳೂರಿನ ಬೀದಿಯಲ್ಲಿ ಜೋಳವೆಂದರೆ ಕೆಂಡದ ಮೇಲೆ ಸುಟ್ಟ ತೆನೆ. ಹುನಗುಂದದಲ್ಲಿ ಜೋಳವೆಂದರೆ ರೊಟ್ಟಿ.

ಎರಡಕ್ಕೂ ಒಂದೇ ಹೆಸರಿಟ್ಟವರ ಕಣ್ಣು ಸರಿಯಾಗಿತ್ತೆಂದು ಪ್ರಯೋಗಾಲಯ ತೋರಿಸಿತು. 1821ರಲ್ಲಿ ಜಾನ್ ಗೋರಮ್ ಮುಸುಕಿನ ಜೋಳದಿಂದ ನೀರಿನಲ್ಲಿ ಕರಗದ ಪ್ರೋಟೀನೊಂದನ್ನು ಬೇರ್ಪಡಿಸಿ ಜೀನ್ ಎಂದು ಕರೆದರು. 20ನೆಯ ಶತಮಾನದ ಆರಂಭದಲ್ಲಿ ಥಾಮಸ್ ಆಸ್ಬಾರ್ನ್ ಸಸ್ಯ ಪ್ರೋಟೀನುಗಳನ್ನು ಅವು ಕರಗುವ ದ್ರವದ ಮೇಲೆ ವಿಂಗಡಿಸಿದರು: ನೀರು, ಉಪ್ಪುನೀರು, ಮದ್ಯಸಾರ, ಕ್ಷಾರ. 1916ರಲ್ಲಿ ನಮ್ಮ ಜೋಳದ ಪ್ರೋಟೀನೂ ಮದ್ಯಸಾರದಲ್ಲಿ ಕರಗುವ ಸಾಲಿಗೆ ಸೇರಿತು. ಕಾಳಿನ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಜೀನ್‌ಗೂ ಇದಕ್ಕೂ ನೆಂಟಸ್ತಿಕೆ ಬಹಳ ಹತ್ತಿರದ್ದು.

ಇದಕ್ಕೆ ಸಿಕ್ಕ ಹೆಸರು ಕಾಫಿರಿನ್. ಅಮೆರಿಕದ ರೈತರು ದಕ್ಷಿಣ ಆಫ್ರಿಕಾದಿಂದ ಬಂದ ಜೋಳವನ್ನು ‘ಕಾಫಿರ್ ಕಾರ್ನ್’ ಎನ್ನುತ್ತಿದ್ದರು. ಅರಬ್ಬಿಯಲ್ಲಿ ನಂಬದವನು ಎಂಬ ಅರ್ಥದ ಕಾಫಿರ್, ವಸಾಹತು ಕಾಲದಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಜನರನ್ನು ಹೀಗಳೆಯುವ ಬೈಗುಳವಾಗಿತ್ತು. ಕಾಳನ್ನು ಪಳಗಿಸಿ ಜಗತ್ತಿಗೆ ಕೊಟ್ಟ ಖಂಡದ ಮಕ್ಕಳ ಮೇಲಿನ ಬೈಗುಳ ಆ ಕಾಳಿನ ಸಾರಕ್ಕೇ ಅಂಟಿಕೊಂಡದ್ದು ನೋವಿನ ಸಂಗತಿ. ನಮ್ಮಲ್ಲಿ ಜೋಳ ಋಣದ ಪದವಾಯಿತು, ಅಲ್ಲಿ ಅವಮಾನದ ಗುರುತಾಯಿತು.

ಈ ಕರಗದ ಪ್ರೋಟೀನನ್ನು ತಿಳಿದರೆ ನಮ್ಮ ಅಡುಗೆಮನೆಯ ಬುದ್ಧಿ ಅರ್ಥವಾಗುತ್ತದೆ. ಗೋದಿಯ ಗ್ಲುಟೆನ್ ನೀರು ಬಿದ್ದೊಡನೆ ಎಳೆಎಳೆಯಾಗಿ ಹೆಣೆದುಕೊಳ್ಳುತ್ತದೆ. ಕಾಫಿರಿನ್ ಕಾಳಿನೊಳಗೆ ಪುಟ್ಟ ಉಂಡೆಗಳಲ್ಲಿ ಮುದುಡಿಕೊಂಡೇ ಇರುತ್ತದೆ, ಹಿಟ್ಟನ್ನು ಹಿಡಿದಿಡುವುದಿಲ್ಲ. ಅದಕ್ಕೇ ಕುದಿಯುವ ಎಸರು ಬೇಕು. ಬಿಸಿನೀರಿಗೆ ಪಿಷ್ಟ ಅರಳಿ ಹಿಟ್ಟಿಗೆ ಜಿಗಿ ಬರುತ್ತದೆ, ರೊಟ್ಟಿ ಬಡಿಯಲು ಒದಗುತ್ತದೆ. ನೀರಿನಲ್ಲಿ ಬೆಂದಾಗ ಗಂಧಕದ ಬಂಧಗಳಿಂದ ಈ ಪ್ರೋಟೀನು ಇನ್ನಷ್ಟು ಬಿಗಿದುಕೊಂಡು ಜೀರ್ಣವಾಗುವುದು ಕಷ್ಟವಾಗುತ್ತದೆ. ಹುಳಿ ಬರಿಸಿದರೆ ಆ ಬಿಗಿ ಸಡಿಲವಾಗುತ್ತದೆ. ಹುಳಿ ಅಂಬಲಿಯ ಗುಣ ಅದು. ಕಾಫಿರಿನ್‌ನಲ್ಲಿ ಲ್ಯೂಸಿನ್ ಹೆಚ್ಚು, ಲೈಸಿನ್ ಕಡಿಮೆ. ದಖ್ಖನಿನ ಜೋಳ ಉಣ್ಣುವ ಬಡವರಲ್ಲಿ ಕಂಡ ಪೆಲಾಗ್ರಾ ರೋಗಕ್ಕೂ ಈ ಲ್ಯೂಸಿನ್‌ಗೂ ನಂಟಿರಬಹುದೆಂದು 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ವಾದಿಸಿದರು, ಆ ವಾದ ಆಮೇಲೆ ಸಾಕಷ್ಟು ಚರ್ಚೆಗೆ ಒಳಗಾಯಿತು. ಲೈಸಿನ್ ಕೊರತೆಯನ್ನು ಬೇಳೆ, ಮಡಕಿ ಕಾಳು, ಮೊಸರು ತುಂಬುತ್ತವೆ. ಬಾದಾಮಿಯ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು ಕೊಡುವ ರೊಟ್ಟಿ, ಪಲ್ಯ, ಮೊಸರಿನ ಊಟ ಈ ಲೆಕ್ಕಕ್ಕೂ ಸರಿಹೊಂದುತ್ತದೆ.

ಜೋಳದ ಪ್ರೋಟೀನಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ‘ಕಾಫಿರಿನ್’ ಎಂದು ಬರೆದು ಮುಂದೆ ಹೋಗಬಾರದು. ಆ ಹೆಸರಿನ ಹುಟ್ಟನ್ನೂ ಹೇಳಬೇಕು. ಜೊತೆಗೆ ‘ಜೋಳದ ಸಾರ’ ಎಂಬಂಥ ನಮ್ಮ ಮಾತನ್ನೂ ಬಳಕೆಗೆ ತರಬೇಕು. ಜೋಳವಾಳಿಗೆ ಈಗ ಕತ್ತಿ ಹಿಡಿಯಬೇಕಿಲ್ಲ. ಸಾವಿರ ವರ್ಷ ನಮ್ಮನ್ನು ಸಾಕಿದ ಕಾಳಿನ ಶಕ್ತಿಯನ್ನೂ ಕೊರತೆಯನ್ನೂ ಅದನ್ನು ಬೆಳೆದು ಉಣ್ಣುವವರ ನುಡಿಯಲ್ಲೇ ತಿಳಿಸುವುದು ನಮ್ಮ ಕಾಲದ ಜೋಳವಾಳಿ.