ಮೀಠಿ ನದಿ: ನಕಾಶೆಯ ಅಂಚಿನಲ್ಲಿ ಹರಿದ ನೀರು

ಬಾಂದ್ರಾದಲ್ಲಿ ರಿಕ್ಷಾ ಹತ್ತಿ ಮಾಟುಂಗಾಕ್ಕೆ ಹೊರಟರೆ ಮಾಹಿಮ್ ಖಾಡಿಯ ಈಚೆಗೇ ಇಳಿಯಬೇಕು. ಮುಂದಕ್ಕೆ ಟ್ಯಾಕ್ಸಿಯೋ ಬಸ್ಸೋ ಹಿಡಿಯಬೇಕು; ರಿಕ್ಷಾ ಮುಂಬಯಿ ಶಹರದೊಳಗೆ ಕಾಲಿಡುವಂತಿಲ್ಲ. ಈ ಗಡಿಯನ್ನು ಹಾಕಿದವರು ಯಾರೆಂದು ಮಕ್ಕಳು ಕೇಳಿದರೆ ಸಾರಿಗೆ ಇಲಾಖೆಯತ್ತ ಬೆರಳು ತೋರುತ್ತೇವೆ. ಆದರೆ ಇಲಾಖೆ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಈ ಗಡಿಯನ್ನು ಒಂದು ನೀರು ಬರೆದಿತ್ತು. ರೈಲಿನಲ್ಲಿ ದಾಟುವಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದೇ ಮೀಠಿ ನದಿ.

ನದಿ ದೊಡ್ಡದೇನಲ್ಲ. ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿ ನೀರಿನಿಂದ ಹೊರಟು, ಸುಮಾರು 18 ಕಿಲೋಮೀಟರು ಹರಿದು, ಮಾಹಿಮ್‌ನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅದರ ಕೆಳಭಾಗವೆಲ್ಲ ಉಬ್ಬರವಿಳಿತಕ್ಕೆ ಒಳಪಟ್ಟದ್ದು. ಉಬ್ಬರದಲ್ಲಿ ಕಡಲು ಒಳನುಗ್ಗುತ್ತದೆ, ಇಳಿತದಲ್ಲಿ ಕೆಸರು ತೋರುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಳಿವೆ, ಕಾಂಡ್ಲಾ ಗಿಡ, ಉಪ್ಪಿನಾಗರ ಎಲ್ಲವೂ ಅವರು ಊರಲ್ಲಿ ಕಂಡದ್ದೇ. ಹೆಸರೂ ಸ್ವಾರಸ್ಯದ್ದು. ಹಿಂದಿಯಲ್ಲಿ 'ಮೀಠೀ' ಎಂದರೆ ಸಿಹಿ. ಮರಾಠಿಯಲ್ಲಿ 'ಮೀಠ್' ಎಂದರೆ ಉಪ್ಪು. ಎರಡೂ ಈ ನದಿಗೆ ಸಲ್ಲುತ್ತವೆ.

ಹಳೆಯ ಇಂಗ್ಲಿಷ್ ನಕಾಶೆಗಳಲ್ಲಿ ಇದು ಮಾಹಿಮ್ ನದಿ ಅಥವಾ ಮಾಹಿಮ್ ಖಾಡಿ. ಆ ಕಾಲದಲ್ಲಿ ಮಾಹಿಮ್ ಮತ್ತು ಸಾಯನ್‌ಗಳ ಉತ್ತರದ ನೀರೇ ಮುಂಬಯಿಯನ್ನು ಸಾಷ್ಟಿ ದ್ವೀಪದಿಂದ ಬೇರ್ಪಡಿಸುತ್ತಿತ್ತು. ಸಾಯನ್‌ನ ಮರಾಠಿ ಹೆಸರು 'ಶೀವ್', ಎಂದರೆ ಎಲ್ಲೆ. ನಮ್ಮ 'ಸೀಮೆ' ಎಂಬ ಮಾತಿಗೂ ಅದಕ್ಕೂ ಮೂಲ ಒಂದೇ.

ಈ ಉಬ್ಬರವಿಳಿತ ಒಮ್ಮೆ ರಾಜಕೀಯ ವಾದಕ್ಕೂ ವಸ್ತುವಾಯಿತು. 1661ರ ಮದುವೆಯ ಒಪ್ಪಂದದಂತೆ ಪೋರ್ಚುಗೀಸರು ಮುಂಬಯಿಯನ್ನು ಇಂಗ್ಲೆಂಡಿನ ಅರಸನಿಗೆ ಬಿಟ್ಟುಕೊಟ್ಟರು. ಆದರೆ ಮುಂಬಯಿ ಎಂದರೆ ಎಷ್ಟು? ಮಾಹಿಮ್ ಬೇರೆಯೇ ದ್ವೀಪ, ಅದು ಒಪ್ಪಂದದಲ್ಲಿ ಸೇರಿಲ್ಲ ಎಂದರು ಪೋರ್ಚುಗೀಸರು. ಇಳಿತದ ವೇಳೆಯಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು, ಆದ್ದರಿಂದ ಎರಡೂ ಒಂದೇ ಎಂಬುದು 1665ರಲ್ಲಿ ದ್ವೀಪವನ್ನು ವಶಕ್ಕೆ ತೆಗೆದುಕೊಂಡ ಹಂಫ್ರಿ ಕುಕ್‌ನ ವಾದ. ಉಬ್ಬರದಲ್ಲಿ ಒಬ್ಬರ ಮಾತು ನಿಜ, ಇಳಿತದಲ್ಲಿ ಇನ್ನೊಬ್ಬರದು! ಕೊನೆಗೆ ಗೆದ್ದದ್ದು ಕುಕ್. ಮಾಹಿಮ್ ಇಂಗ್ಲಿಷರದಾಯಿತು, ಗಡಿ ಬಾಂದ್ರಾದ ಕಡೆಯ ನೀರಿಗೆ ಸರಿಯಿತು. 1668ರಲ್ಲಿ ಅರಸನು ಇದಿಷ್ಟನ್ನೂ ವರ್ಷಕ್ಕೆ 10 ಪೌಂಡು ಬಾಡಿಗೆಗೆ ಕಂಪನಿಗೆ ವಹಿಸಿದನು.

1673ರಲ್ಲಿ ಇಲ್ಲಿಗೆ ಬಂದ ವೈದ್ಯ ಜಾನ್ ಫ್ರಾಯರ್‌ನ ಪ್ರವಾಸ ಗ್ರಂಥ 1698ರಲ್ಲಿ ಅಚ್ಚಾಯಿತು. ಸಮುದ್ರದ ನೀರು ಹೊಕ್ಕು ಮುಳುಗಿದ ಭೂಮಿಯನ್ನೂ, ಮಾಹಿಮ್‌ನಲ್ಲಿದ್ದ ಪೋರ್ಚುಗೀಸರ ಚರ್ಚನ್ನೂ, ಇಂಗ್ಲಿಷರ ಸುಂಕದ ಕಟ್ಟೆ ಹಾಗೂ ಕಾವಲು ಮನೆಯನ್ನೂ ಅವನು ಬಣ್ಣಿಸಿದ್ದಾನೆ. ಸುಂಕದ ಕಟ್ಟೆ ಇದ್ದಲ್ಲಿ ಗಡಿಯೂ ಇದ್ದಂತೆ.

ಗಡಿಗೆ ಕೋಟೆಗಳೂ ಬಂದವು. ಗವರ್ನರ್ ಆಂಗಿಯರ್‌ನ ಕಾಲದಲ್ಲಿ, 1669 ಮತ್ತು 1677ರ ನಡುವೆ, ಸಾಯನ್ ಕೋಟೆ ಎದ್ದಿತು. 1737ರಲ್ಲಿ ಮರಾಠರು ಸಾಷ್ಟಿಯ ಮೇಲೆ ಏರಿಬಂದರು. ಅದೇ ವರ್ಷ ಗವರ್ನರ್ ಜಾನ್ ಹಾರ್ನ್ ಕಟ್ಟಿಸಿದನೆಂಬ ಶಿಲಾಲೇಖ ಧಾರಾವಿಯ ಕಾಳಾ ಕಿಲ್ಲಾದ ಗೋಡೆಯಲ್ಲಿದೆ. ಇಷ್ಟು ಸಣ್ಣ ಹೊಳೆಗೆ ಇಷ್ಟೊಂದು ಕಾವಲೇಕೆ ಎಂದು ಇಂದು ಅನ್ನಿಸಬಹುದು. ಆಗ ಆಚೆಯ ದಡದಲ್ಲಿ ಇದ್ದದ್ದು ಬೇರೆಯೇ ರಾಜ್ಯ. 1774ರಲ್ಲಿ ಇಂಗ್ಲಿಷರು ಸಾಷ್ಟಿಯನ್ನು ಗೆದ್ದರು. 1782ರ ಸಾಲಬಾಯಿ ಒಪ್ಪಂದ ಅದನ್ನು ಸ್ಥಿರಪಡಿಸಿತು. ಅಲ್ಲಿಗೆ ನೀರಿನ ಎರಡೂ ದಡಗಳು ಒಬ್ಬರವೇ ಆದವು.

ಇನ್ನು ಅದು ಗಡಿಯಲ್ಲ, ಅಡ್ಡಿ. 1798ರಿಂದ 1805ರವರೆಗೆ ಸಾಯನ್‌ನಿಂದ ಕುರ್ಲಾಕ್ಕೆ ಕಟ್ಟೆರಸ್ತೆ ಕಟ್ಟಲಾಯಿತು. ಮಾಹಿಮ್-ಬಾಂದ್ರಾಗಳ ನಡುವೆ ಮಾತ್ರ ದೋಣಿಯೇ ಗತಿ. ಮಳೆಗಾಲದಲ್ಲಿ ಅದು ಪ್ರಾಣಾಪಾಯದ ಕೆಲಸ. ಸರಕಾರ ಹಣ ಬಿಚ್ಚಲಿಲ್ಲ. ಆಗ ಜಮ್‌ಶೇಟ್‌ಜಿ ಜೀಜೀಭಾಯ್ ಅವರ ಪತ್ನಿ ಅವಾಬಾಯಿ 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ವಸೂಲು ಮಾಡಬಾರದೆಂಬುದು ಅವರ ಷರತ್ತು. 1845ರಲ್ಲಿ ರಸ್ತೆ ತೆರೆಯಿತು. ಮಾಹಿಮ್‌ನ ಲೇಡಿ ಜಮ್‌ಶೇಟ್‌ಜಿ ರಸ್ತೆಯಲ್ಲಿ ನಡೆಯುವಾಗ ಈ ತಾಯಿಯನ್ನು ಒಮ್ಮೆ ನೆನೆಯಬೇಕು.

ಇತ್ತ ನದಿಯ ಮೇಲ್ಭಾಗದಲ್ಲಿ 1860ರಲ್ಲಿ ವಿಹಾರ್ ಕೆರೆ ಸಿದ್ಧವಾಗಿ, ಮುಂಬಯಿಗೆ ಮೊದಲ ಬಾರಿ ಕೊಳವೆ ನೀರು ಹರಿಯಿತು. ಬಾವಿಯ ನೀರನ್ನೇ ನಂಬಿ ಕಾಲರಾಕ್ಕೆ ತುತ್ತಾಗುತ್ತಿದ್ದ ಶಹರಕ್ಕೆ ಈ ಕಣಿವೆಯೇ ಸಿಹಿನೀರು ಕುಡಿಸಿತು. ಕುಡಿದ ಶಹರ ಅದಕ್ಕೆ ಏನನ್ನು ಹಿಂತಿರುಗಿಸಿತೆಂಬುದು ನಮಗೆಲ್ಲ ಗೊತ್ತಿದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಡಿಕಿನ್ಸನ್ 1812ರಿಂದ 1816ರವರೆಗೆ ಅಳೆದದ್ದು ಮುಂಬಯಿ ದ್ವೀಪವನ್ನು. 1909-10ರ ಗೆಜೆಟಿಯರ್ ಕೂಡ 'ಮುಂಬಯಿ ಶಹರ ಮತ್ತು ದ್ವೀಪ'ದ್ದೇ. ಉತ್ತರ ದಡದ ವಿವರ 1882ರ ಠಾಣೆ ಜಿಲ್ಲೆಯ ಗೆಜೆಟಿಯರಿನಲ್ಲಿದೆ. ಹೀಗೆ ನದಿಯು ಒಂದು ನಕಾಶೆಯ ಮೇಲಂಚು, ಇನ್ನೊಂದರ ಕೆಳಂಚು. ಯಾವ ಪುಸ್ತಕದ ನಡುಮನೆಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿದ್ದುದನ್ನು ಒತ್ತುವುದು ಸುಲಭ. ನಗರಪಾಲಿಕೆಯ ಮೇರೆ 1950ರಲ್ಲಿಯೂ 1957ರಲ್ಲಿಯೂ ಉಪನಗರಗಳಿಗೆ ವಿಸ್ತರಿಸಿದಾಗ ನದಿ ಊರ ನಡುವಿಗೇ ಬಂತು. ಆದರೆ ಬಂದದ್ದು ನಾಲೆಯಾಗಿ. ವಿಮಾನ ನಿಲ್ದಾಣಕ್ಕಾಗಿ ಅದರ ಪಾತ್ರವನ್ನು ತಿರುಗಿಸಿದರು. ಉಬ್ಬರದ ನೀರು ಹರಡಿಕೊಳ್ಳುತ್ತಿದ್ದ ಜವುಗಿನ ಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿತು. ದಡಗಳಲ್ಲಿ ಕಾರಖಾನೆಗಳೂ, ಬೇರೆಲ್ಲೂ ನೆಲೆ ಸಿಕ್ಕದ ಬಡವರ ಗುಡಿಸಲುಗಳೂ ತುಂಬಿದವು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರು ಮಳೆ ಬಿತ್ತು. ಅದೇ ಮಧ್ಯಾಹ್ನ ಸಮುದ್ರದಲ್ಲಿ ಉಬ್ಬರ. ಮೇಲಿನಿಂದ ಬಂದ ನೀರಿಗೆ ಹೊರಗೆ ದಾರಿಯಿಲ್ಲ, ಪಕ್ಕಕ್ಕೆ ಹರಡಲು ಹಳೆಯ ಜವುಗೂ ಇಲ್ಲ. ಕುರ್ಲಾ, ಕಾಲಿನಾ, ಸಾಯನ್ ಮುಳುಗಿದವು. ನಗರದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿ ಮನೆಯವರ ದಾರಿ ಕಾದು ಬಾಗಿಲಲ್ಲೇ ಕುಳಿತ ಕುಟುಂಬಗಳು ನಮ್ಮವರಲ್ಲೂ ಎಷ್ಟೋ. ಈ ನಾಲೆಗೆ ಮೀಠಿ ಎಂಬ ಹೆಸರಿದೆಯೆಂದು ಬಹಳ ಜನರಿಗೆ ತಿಳಿದದ್ದೇ ಮರುದಿನ. ಆಗಸ್ಟ್ ತಿಂಗಳಲ್ಲಿ ನದಿಗಾಗಿ ಪ್ರಾಧಿಕಾರ ರಚನೆಯಾಯಿತು. ಪಾತ್ರವನ್ನು ಅಗಲಿಸುವ, ಆಳಗೊಳಿಸುವ ಕೆಲಸ ನಡೆಯಿತು. 2025ರಿಂದ ನದಿಯ ತಳದ ಕೆಳಗೇ ಧಾರಾವಿಯ ಮೆಟ್ರೋ ಓಡುತ್ತಿದೆ.

ಹಳೆಯ ನಕಾಶೆಗಳು ನೀರಿಗೆ ಬಿಟ್ಟಿದ್ದ ಜಾಗವನ್ನು ಹೊಸ ನಕಾಶೆಗಳು ಬಿಡಲಿಲ್ಲ. ನೀರು ಮಾತ್ರ ಹಳೆಯ ನಕಾಶೆಯನ್ನೇ ಓದುತ್ತದೆ. ಊರಿನಲ್ಲಿ ನಮ್ಮ ಹಿರಿಯರು ಅಳಿವೆಯ ಹತ್ತಿರ ಮನೆ ಕಟ್ಟುವ ಮೊದಲು ಉಬ್ಬರದ ಗೆರೆ ನೋಡುತ್ತಿದ್ದರು. ಮುಂದಿನ ಸಲ ಬಾಂದ್ರಾ ಬಿಟ್ಟು ರೈಲು ಸೇತುವೆಯೇರಿದಾಗ ಮೂಗು ಮುಚ್ಚಿದರೂ ಕಣ್ಣು ತೆರೆದಿರಲಿ. ಈಗ ಉಬ್ಬರವೋ ಇಳಿತವೋ ಎಂದು ಮಕ್ಕಳನ್ನು ಕೇಳಿ ನೋಡಿ.